700 ಮೀಟರ್ ಆಳದ ಪ್ರಾಣಿಯನ್ನು ಕಿನ್ನಾಳದಲ್ಲಿ ಮಾಡಿದ್ದು

ದೃಶ್ಯಕಲಾ ಪದವಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ಎಲ್ಲೂ ಇಲ್ಲದ ಕಡಲಪ್ರಾಣಿಯೊಂದನ್ನು ಮಾಡುತ್ತೇನೆಂದು ಒಪ್ಪಿಕೊಂಡ ಮೇಲೆ, ಸ್ಕೆಚ್ ಪುಸ್ತಕದಲ್ಲಿ ಮೊದಲು ಬರೆದದ್ದು ಒಂದು ಅಂಕಿ: 700 ಮೀಟರ್. ಅದರ ಕೆಳಗೆ ‘ಅರಬ್ಬೀ ಸಮುದ್ರ’ ಎಂದು ಬರೆದೆ. ಆಳ ಮತ್ತು ಜಾಗ ಗಟ್ಟಿಯಾದರೆ ಪ್ರಾಣಿಯ ಅರ್ಧ ಮೈ ತಾನಾಗಿ ಬರುತ್ತದೆ. ಅವೆರಡೂ ಗೊತ್ತಿಲ್ಲದೆ ಪೆನ್ಸಿಲ್ ಹಿಡಿದರೆ ಕೈ ಹೋಗುವುದು ಹಲ್ಲಿಗೇ. ನಮ್ಮ ತರಗತಿಯಲ್ಲಿ ಯಾರ ಪುಸ್ತಕ ತೆರೆದರೂ ಕಡಲಪ್ರಾಣಿ ಎಂದರೆ ಬಾಯ್ತುಂಬ ಕೋರೆಹಲ್ಲು, ತಲೆ ಮೇಲೊಂದು ದೀಪ. ಹೆದರಿಸುವುದು ಸುಲಭ, ನಂಬಿಸುವುದು ಕಷ್ಟ.

700 ಮೀಟರಿನಲ್ಲಿ ಏನಿರುತ್ತದೆ ಎಂದು ಓದುತ್ತಾ ಹೋದೆ. ಸುಮಾರು 200 ಮೀಟರ್ ದಾಟಿದರೆ ಸಸ್ಯಜೀವಿಗಳು ಬದುಕುವಷ್ಟು ಬೆಳಕಿಲ್ಲ, 1,000 ಮೀಟರ್ ಹೊತ್ತಿಗೆ ಸೂರ್ಯನ ಬೆಳಕೇ ಇಲ್ಲ. ನಡುವಿನ ಪದರದಲ್ಲಿ ಮೇಲಿನಿಂದ ಮಬ್ಬು ನೀಲಿ ಮಾತ್ರ ಇಳಿಯುತ್ತದೆ. ನೀರು ಕೆಂಪನ್ನು ಮೊದಲೇ ಹೀರಿಬಿಡುವುದರಿಂದ ಅಲ್ಲಿ ಕೆಂಪು ಮೈಯ ಪ್ರಾಣಿ ಕಪ್ಪಾಗಿ ಕಾಣುತ್ತದೆ, ಅಂದರೆ ಕಾಣುವುದೇ ಇಲ್ಲ. ಒತ್ತಡ ಮೇಲಿನ ಸುಮಾರು 70 ಪಟ್ಟು. ಮೈಯೊಳಗೆ ಗಾಳಿಯ ಚೀಲವಿಲ್ಲದಿದ್ದರೆ ಅದೇನೂ ದೊಡ್ಡ ತೊಂದರೆಯಲ್ಲ, ಹಾಗಾಗಿ ಚೀಲ ಬಿಟ್ಟೆ. ನಿಜವಾದ ತೊಂದರೆ ಆಮ್ಲಜನಕದ್ದು. ಅರಬ್ಬೀ ಸಮುದ್ರದಲ್ಲಿ ಸುಮಾರು 200ರಿಂದ 1,000 ಮೀಟರ್‌ವರೆಗೆ ಆಮ್ಲಜನಕ ತೀರಾ ಕಡಿಮೆ ಇರುವ ದಪ್ಪ ಪದರವೇ ಇದೆ. ಅಲ್ಲಿರುವ ಪ್ರಾಣಿ ಓಡಿ ಬೇಟೆಯಾಡಲಾರದು. ನಿಧಾನ ಇರಬೇಕು, ಕಿವಿರು ದೊಡ್ಡದಿರಬೇಕು.

ಕಿವಿರು ನೋಡಲು ಮುನಿರಾಬಾದಿಗೆ ಹೋದೆ. ಡ್ಯಾಮಿನ ಮೀನು ಮಾರುವ ಅಕ್ಕ ಒಂದು ಕಾಟ್ಲಾದ ಕಿವಿಮುಚ್ಚಳ ಎತ್ತಿ ಹಿಡಿದು, “ನೋಡ್ರಿ, ಎಷ್ಟ ಬೇಕಾದ್ರೂ ನೋಡ್ರಿ, ಆಮ್ಯಾಲ ಒಯ್ರಿ” ಎಂದರು. ಬದಿಗೆ ನಾಲ್ಕು ಕಮಾನು. ಕಮಾನಿನ ಹೊರ ಅಂಚಿನಲ್ಲಿ ರಕ್ತ ತುಂಬಿದ ಕೆಂಪು ಎಳೆಗಳು, ಅವು ಉಸಿರಿಗೆ. ಒಳ ಅಂಚಿನಲ್ಲಿ ಬಿಳಿಯ, ಉದ್ದನೆಯ, ಒತ್ತೊತ್ತಾದ ಹಲ್ಲುಗಳು, ಹೇನು ತೆಗೆಯುವ ಬಾಚಣಿಗೆಯ ಹಾಗೆ. ಕಾಟ್ಲಾ ನೀರಿನ ಸಣ್ಣ ಸಣ್ಣ ಜೀವಿಗಳನ್ನು ಸೋಸಿ ತಿನ್ನುವುದು ಇವುಗಳಿಂದಲೇ. ಬೆರಳಿನಿಂದ ಸವರಿದರೆ ಒಂದೊಂದೂ ಬಾಗಿ ಮತ್ತೆ ನೆಟ್ಟಗಾಗುತ್ತಿತ್ತು. ನನ್ನ ಪ್ರಾಣಿಯ ಬಾಯಿ ಅಲ್ಲೇ ಸಿಕ್ಕಿತು. (ಮೀನನ್ನು ಒಯ್ದೆ, ಸಾರು ಚೆನ್ನಾಗಿತ್ತು.)

ಆಳದಲ್ಲಿ ಮೇಲಿನಿಂದ ಸದಾ ಚೂರುಪಾರು ಉದುರುತ್ತಿರುತ್ತದೆ: ಸತ್ತ ಸೂಕ್ಷ್ಮಜೀವಿಗಳು, ಮಲ, ಲೋಳೆ. ವಿಜ್ಞಾನಿಗಳು ಇದನ್ನು ಮರೈನ್ ಸ್ನೋ ಎನ್ನುತ್ತಾರೆ. ವ್ಯಾಂಪೈರ್ ಸ್ಕ್ವಿಡ್ ಎಂಬ ಪ್ರಾಣಿ ಹೆಸರಿಗಷ್ಟೇ ರಕ್ತಪಿಪಾಸು. ಎರಡು ಉದ್ದನೆಯ ಎಳೆಗಳಲ್ಲಿ ಸಾಮಾನ್ಯವಾಗಿ ಒಂದನ್ನು ಚಾಚಿ ಈ ಉದುರನ್ನೇ ಹಿಡಿದು, ಲೋಳೆಯಲ್ಲಿ ಉಂಡೆ ಮಾಡಿ ತಿಂದು ಬದುಕುತ್ತದೆ. ಅದರಿಂದ ಎಳೆಗಳನ್ನು ತೆಗೆದುಕೊಂಡೆ, ಕಾಟ್ಲಾದಿಂದ ಸೋಸುವ ಬಾಯಿ. ಕಣ್ಣು ನೆತ್ತಿಯ ಮೇಲೆ, ಬೆಳಕು ಬರುವುದು ಅಲ್ಲಿಂದ ತಾನೆ. ಬಾಲಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಮೈಸುತ್ತ ಅಲೆಯಾಡುವ ಅಂಚು ಕೊಟ್ಟೆ, ನಿಧಾನದ ಪ್ರಾಣಿಗೆ ಅಷ್ಟು ಸಾಕು.

ಬೇರೆ ಬೇರೆ ಪ್ರಾಣಿಯ ಅಂಗಗಳನ್ನು ಒಂದೇ ಮೈಗೆ ಕೂಡಿಸುವುದರಲ್ಲಿ ನಮ್ಮ ಕಡೆಯ ಶಿಲ್ಪಿಗಳು ಪಳಗಿದವರು. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯಕ್ಕೆ ಮಕರಗಳನ್ನು ನೋಡಲೆಂದೇ ಹೋದೆ. ಆನೆಯ ಸೊಂಡಿಲು, ಮೊಸಳೆಯ ದವಡೆ, ಬಳ್ಳಿಯಾಗಿ ಸುರುಳಿ ಸುತ್ತುವ ಬಾಲ. ನಾನು ನೋಡಿದ್ದು ಅಂಗಗಳನ್ನಲ್ಲ, ಕೂಡುವ ಜಾಗಗಳನ್ನು. ದವಡೆಯ ಅಂಚಿನ ಮಡಿಕೆಯೇ ಮೇಲೆ ಹೋಗಿ ಸೊಂಡಿಲಿನ ಸುಕ್ಕಾಗುತ್ತದೆ. ಒಂದು ಗೆರೆಯೂ ತುಂಡಾಗುವುದಿಲ್ಲ. ಕಿವಿರಿನ ಎಳೆಗಳನ್ನು ಅಂಚಿನ ನಿರಿಗೆಗೆ ಹರಿಸಿದ್ದು ಇದನ್ನು ನೋಡಿಯೇ.

ಮಾಡುವ ಕೆಲಸ ಬಣ್ಣದ ಮರದ ಗೊಂಬೆ, ಮೂರ್ತಿಗಳಿಗೆ ಹೆಸರಾದ, ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ, ಚಿತ್ರಗಾರರ ಮನೆಯೊಂದರ ಜಗಲಿಯಲ್ಲಿ ನಡೆಯಿತು. ಹಗುರ ಮರದಲ್ಲಿ ಬಿಡಿ ಭಾಗ ಕೆತ್ತಿ ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಮೇಲೆ ಕಿಟ್ಟ: ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿನಾರು, ಮರದ ಹೊಟ್ಟು, ಅದೇ ಅಂಟು. ಅದರ ಮೇಲೆ ಬಟ್ಟೆಯ ತುಣುಕು, ಕಲ್ಲುಪುಡಿಯ ಲೇಪ, ಆಮೇಲೆ ಬಣ್ಣ. ನನ್ನ ನಕ್ಷೆಯಲ್ಲಿ ಎರಡು ಎಳೆಗಳು ಮೈಯಿಂದ ಮಾರುದ್ದ ಹೊರಗಿದ್ದವು. ಆ ಮನೆಯ ಚಿತ್ರಗಾರ ಕಾಕಾ ಕಾಗದವನ್ನು ದೂರ ಹಿಡಿದು ನೋಡಿದರು.

“ಇವು ನಿಲ್ಲಂಗಿಲ್ಲವಾ. ಕಿಟ್ಟ ಹಚ್ಚಿದ ಮ್ಯಾಲ ಭಾರ ಆಗ್ತಾವು, ಒಣಗೂದ್ರಾಗ ಸೀಳ್ತಾವು. ಮೈಗೆ ಕೂಡಿಸಿಬಿಡು.”

ಹಾಗಾಗಿ ಎಳೆಗಳು ಹೊಟ್ಟೆಯಡಿ ಸುರುಳಿಯಾಗಿ ಮಡಚಿಕೊಂಡವು. ವ್ಯಾಂಪೈರ್ ಸ್ಕ್ವಿಡ್ ಕೂಡ ಬೇಡವಾದಾಗ ಎಳೆಗಳನ್ನು ಒಳಗೆ ಎಳೆದುಕೊಳ್ಳುತ್ತದೆ, ಆದ್ದರಿಂದ ಮನಸ್ಸಿಗೂ ಒಪ್ಪಿತು.

“ಹಲ್ಲ ಇಲ್ಲೇನು ಇದಕ್ಕ?”

“ಇಲ್ಲ ಕಾಕಾ, ಮ್ಯಾಲಿಂದ ಬಿದ್ದದ್ದು ತಿಂತೈತಿ.”

“ಪಾಪ” ಎಂದರು.

ಮೈಗೆ ಕಿನ್ನಾಳದ ಆ ಗಾಢ ಕೆಂಪನ್ನೇ ಹಚ್ಚಿದೆವು. ಗರುಡನಿಗೆ ಒಪ್ಪುವ ಬಣ್ಣ 700 ಮೀಟರಿನಲ್ಲಿ ಅಡಗುವುದಕ್ಕೂ ಒಪ್ಪುತ್ತದೆ. ಇನ್ನು ನೆರಳು. ಕೆಳಗಿನಿಂದ ನೋಡುವ ಬೇಟೆಗಾರನಿಗೆ ಮೈಯ ಆಕಾರ ಗೊತ್ತಾಗದಿರಲೆಂದು ಆ ಪದರದ ಎಷ್ಟೋ ಪ್ರಾಣಿಗಳು ಹೊಟ್ಟೆಯಲ್ಲಿ ನೀಲಿ ಬೆಳಕು ಹೊತ್ತಿಸಿಕೊಂಡು ಮೇಲಿನ ಬೆಳಕಿಗೆ ಸರಿಹೊಂದಿಸುತ್ತವೆ. ಮೂರ್ತಿಗಳ ಮೇಲೆ ಒಡವೆ ಎಬ್ಬಿಸುವ ಕಲ್ಲುಪುಡಿ ಲೇಪದಿಂದಲೇ ಕಾಕಾ ಹೊಟ್ಟೆಯ ತುಂಬ ಚುಕ್ಕಿ ಎಬ್ಬಿಸಿಕೊಟ್ಟರು. ಅವಕ್ಕೆ ತಿಳಿನೀಲಿ ಹಚ್ಚಿದೆ.

ಪ್ರದರ್ಶನದಲ್ಲಿ ಪ್ರಾಣಿಯನ್ನು ತಲೆಗಿಂತ ಎತ್ತರಕ್ಕೆ ತೂಗುಹಾಕಿ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ನೀಲಿ ಎಲ್‌ಇಡಿ ಬಲ್ಬ್ ಒಂದನ್ನೇ ಉರಿಸಿದೆ. ಕೆಂಪು ಪೂರ್ತಿ ಕಪ್ಪಾಗಿ, ಚುಕ್ಕಿಗಳಷ್ಟೇ ಉಳಿದವು. ಬಾಗಿಲ ಬಳಿ ಬಿಳಿ ದೀಪದ ಸ್ವಿಚ್ ಇಟ್ಟು, ಬಂದವರೇ ಒತ್ತಲಿ ಎಂದು ಬಿಟ್ಟೆ. ಮೌಲ್ಯಮಾಪಕರು ಅದನ್ನು ಒತ್ತದೆಯೇ ಒಂದು ಸುತ್ತು ಹಾಕಿ, “ಕೆಲಸ ಎಲ್ಲಮ್ಮ?” ಎಂದು ಕೇಳಿದರು. ಆ ಪ್ರಶ್ನೆಗಿಂತ ದೊಡ್ಡ ಅಂಕ ನನಗೆ ಬೇಕಿರಲಿಲ್ಲ. ಸ್ವಿಚ್ ಒತ್ತಿ ತೋರಿಸಿದೆ.