ಕೋಚ್‌ಗೆ ದೀರ್ಘ ಕರಾರು ಕೊಡುವ ಮುನ್ನ ಹಾಕಬೇಕಾದ ಲೆಕ್ಕ

2014ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಕೋಚ್ ಡೇವಿಡ್ ಮೋಯ್ಸ್ ಅವರನ್ನು ತೆಗೆದಾಗ ಅವರ ಆರು ವರ್ಷದ ಕರಾರಿನಲ್ಲಿ ಐದು ವರ್ಷಕ್ಕೂ ಹೆಚ್ಚು ಬಾಕಿ ಇತ್ತು. ಅವರಿಗೂ ಅವರ ಸಹಾಯಕರಿಗೂ ಸೇರಿ ಕ್ಲಬ್ ಕೊಟ್ಟ ಪರಿಹಾರ 52 ಲಕ್ಷ ಪೌಂಡ್. ನಾಲ್ಕು ವರ್ಷದ ಬಳಿಕ ಇಂಗ್ಲೆಂಡಿನದೇ ಇನ್ನೊಂದು ಕ್ಲಬ್ ಚೆಲ್ಸಿ ತನ್ನ ಕೋಚ್ ಆಂಟೋನಿಯೊ ಕಾಂಟೆ ಅವರನ್ನು ತೆಗೆದಾಗ ಉಳಿದಿದ್ದದ್ದು ಒಂದೇ ವರ್ಷ. ಸಹಾಯಕರ ಬಾಬ್ತು, ವಕೀಲರ ಖರ್ಚು ಎಲ್ಲ ಸೇರಿ ಬಿದ್ದ ಹೊರೆ 2.66 ಕೋಟಿ ಪೌಂಡ್.

ಇಬ್ಬರ ಸಂಬಳ ಒಂದೇ ಅಲ್ಲ, ನಿಜ. ಆದರೆ ಮೋಯ್ಸ್ ಕರಾರಿನಲ್ಲಿ, ತಂಡ ಯುರೋಪಿನ ಅಗ್ರ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ಗೆ ಅರ್ಹತೆ ಪಡೆಯದಿದ್ದರೆ ಒಂದು ವರ್ಷದ ಸಂಬಳ ಕೊಟ್ಟು ಕಳಿಸಬಹುದು ಎಂಬ ಷರತ್ತು ಇತ್ತೆಂದು ಆಗ ವರದಿಯಾಗಿತ್ತು. ಆದ್ದರಿಂದ ಕ್ಲಬ್‌ನ ಖಜಾಂಚಿ ಮೊದಲು ಕೇಳಬೇಕಾದದ್ದು ಕರಾರು ಎಷ್ಟು ವರ್ಷದ್ದು ಎಂದಲ್ಲ, ಇಂಥ ತಿಂಗಳಲ್ಲಿ ಕಳಿಸಿದರೆ ಎಷ್ಟು ಕೊಡಬೇಕು ಎಂದು.

ಅದಕ್ಕೆ ಒಂದು ಹಾಳೆ ಬೇಕು. ಕರಾರಿನ ಪ್ರತಿ ತಿಂಗಳಿಗೂ ಒಂದು ಸಾಲು, ಪ್ರತಿ ಸಾಲಿನಲ್ಲೂ ಆ ತಿಂಗಳ ಕೊನೆಗೆ ಕೋಚ್‌ನನ್ನು ಕಳಿಸಿದರೆ ಕೊಡಬೇಕಾದ ಮೊತ್ತ. ಮುಖ್ಯ ಕೋಚ್‌ಗೆ ತಿಂಗಳಿಗೆ 15 ಲಕ್ಷ ರೂಪಾಯಿ, ಆತ ಕರೆತರುವ ಮೂವರು ಸಹಾಯಕರಿಗೆ ತಲಾ 3 ಲಕ್ಷ ಎಂದುಕೊಳ್ಳಿ. ಒಟ್ಟು 24 ಲಕ್ಷ, ಕರಾರು ಮೂರು ವರ್ಷ. ಹತ್ತನೇ ತಿಂಗಳ ಕೊನೆಗೆ ಎಲ್ಲರನ್ನೂ ಕಳಿಸಿದರೆ ಉಳಿದ 26 ತಿಂಗಳಿಗೆ 6.24 ಕೋಟಿ. ಸಹಾಯಕರನ್ನು ಮರೆತು ಲೆಕ್ಕ ಹಾಕಿದವರಿಗೆ ಕಾಣುವುದು 3.9 ಕೋಟಿ ಮಾತ್ರ. ಅತಿ ಹೆಚ್ಚು ಆಗುವ ತಪ್ಪು ಇದೇ. ಮನೆ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ವಿಮಾನದ ಟಿಕೆಟ್ ಕರಾರಿನಲ್ಲಿದ್ದರೆ ಅವೂ ಈ ಹಾಳೆಗೆ ಬರಬೇಕು. 'ತೆರಿಗೆ ಕಳೆದು ಕೈಗೆ ಇಷ್ಟು' ಎಂದು ಒಪ್ಪಿಕೊಂಡಿದ್ದರೆ ತೆರಿಗೆಯೂ ಕ್ಲಬ್‌ನ ತಲೆಗೇ, ಹಾಗಾಗಿ ತೆರಿಗೆ ಸೇರಿಸಿದ ಅಂಕಿಯನ್ನೇ ಬರೆಯಿರಿ. ಸಂಬಳ ಡಾಲರ್‌ನಲ್ಲಿದ್ದರೆ ಇನ್ನೊಂದು ಕಾಲಂ: ತಿಂಗಳಿಗೆ 10,000 ಡಾಲರ್ ಕೊಡುವ ಕ್ಲಬ್‌ಗೆ ರೂಪಾಯಿ ಒಂದು ರೂಪಾಯಿಯಷ್ಟು ಕುಸಿದರೂ ತಿಂಗಳಿಗೆ 10,000 ರೂಪಾಯಿ ಹೆಚ್ಚುತ್ತದೆ. ಹೊಸ ಕೋಚ್ ಬಂದ ದಿನದಿಂದ ಎರಡು ಸಂಬಳ ಜೊತೆಜೊತೆಯಾಗಿ ಓಡುತ್ತವೆ ಎಂಬುದೂ ನೆನಪಿರಲಿ.

ಕರಾರಿನಲ್ಲಿ ಏನೂ ಬರೆಯದಿದ್ದರೆ ಏನಾಗುತ್ತದೆ? ವಿದೇಶಿ ಕೋಚ್ ಆಗಿದ್ದರೆ ಪ್ರಕರಣ ಫಿಫಾದ ಫುಟ್‌ಬಾಲ್ ನ್ಯಾಯಮಂಡಳಿಗೆ ಹೋಗಬಹುದು. 2021ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ, ಸರಿಯಾದ ಕಾರಣವಿಲ್ಲದೆ ತೆಗೆದರೆ ಕರಾರಿನ ಉಳಿದ ಪೂರ್ತಿ ಮೊತ್ತವೇ ಪರಿಹಾರ. ಕೋಚ್‌ಗೆ ಬೇರೆ ಕೆಲಸ ಸಿಕ್ಕಿದ್ದರೆ ಅಲ್ಲಿಯ ಸಂಬಳವನ್ನು ಕಳೆಯುತ್ತಾರೆ. ಈ ಸೂತ್ರ ಅನ್ವಯಿಸುವುದು ಕರಾರಿನಲ್ಲಿ ಬೇರೆ ಏರ್ಪಾಡು ಇಲ್ಲದಿದ್ದಾಗ ಮಾತ್ರ. ಆಟಗಾರರ ಕರಾರಿಗೆ ಫಿಫಾ ಐದು ವರ್ಷದ ಮಿತಿ ಹಾಕಿದೆ, ಕೋಚ್‌ಗಳಿಗೆ ಅಂಥ ಮಿತಿಯೇ ಇಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ ಕ್ಲಬ್ 2012ರಲ್ಲಿ ತನ್ನ ಕೋಚ್ ಆಲನ್ ಪಾರ್ಡ್ಯೂ ಅವರಿಗೆ ಎಂಟು ವರ್ಷದ ಕರಾರು ಕೊಟ್ಟಿತ್ತು.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಭಾರತ ತಂಡದ ಕೋಚ್ ಆಗಿದ್ದ ಇಗೊರ್ ಸ್ಟಿಮಾಚ್ ಪ್ರಕರಣವಿದೆ. 2023ರ ಅಕ್ಟೋಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅವರ ಕರಾರನ್ನು 2026ರವರೆಗೆ ಮುಂದುವರಿಸಿತು. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಭಾರತ ಮೂರನೇ ಹಂತ ತಲುಪದೇ ಹೋದಾಗ, 2024ರ ಜೂನ್‌ನಲ್ಲಿ ಅವರನ್ನು ತೆಗೆಯಿತು. ಮೂರು ತಿಂಗಳ ಸಂಬಳ ಕೊಡುತ್ತೇವೆಂದರೆ ಅವರು ಒಪ್ಪಲಿಲ್ಲ, ಫಿಫಾಗೆ ಹೋಗುತ್ತೇನೆಂದರು. ಕೊನೆಗೆ 4 ಲಕ್ಷ ಡಾಲರ್‌ಗೆ ರಾಜಿಯಾಯಿತೆಂದು ವರದಿಯಾಯಿತು. ಆ ಹಣದಲ್ಲಿ ಎಷ್ಟು ಕಿರಿಯರ ತರಬೇತಿ ಶಿಬಿರಗಳು ನಡೆಯುತ್ತಿದ್ದವು!

ಈಗ ಷರತ್ತಿನ ವಿಷಯ. ಇಳಿಮುಖದ ಸೂತ್ರ ಒಳ್ಳೆಯದು: ಮೊದಲ ವರ್ಷದಲ್ಲಿ ಕಳಿಸಿದರೆ ಆರು ತಿಂಗಳ ಸಂಬಳ, ಎರಡನೇ ವರ್ಷದಲ್ಲಿ ನಾಲ್ಕು, ಮೂರನೇ ವರ್ಷದಲ್ಲಿ ಮೂರು. ಉಳಿದ ಅವಧಿ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟೇ. ಮೇಲಿನ ಉದಾಹರಣೆಯಲ್ಲಿ 6.24 ಕೋಟಿ ಇದ್ದದ್ದು 1.44 ಕೋಟಿಗೆ ಇಳಿಯುತ್ತದೆ. ಸಹಾಯಕರ ಕರಾರುಗಳಲ್ಲೂ ಇದೇ ಷರತ್ತು ಇರಬೇಕು, ಮುಖ್ಯ ಕೋಚ್ ಹೋದ ದಿನವೇ ಅವರ ನೋಟಿಸ್ ಅವಧಿಯೂ ಶುರುವಾಗಬೇಕು. ಫಲಿತಾಂಶಕ್ಕೆ ಕಟ್ಟಿದ ಷರತ್ತು ಹಾಕುವುದಾದರೆ 'ತೃಪ್ತಿಕರ ಪ್ರದರ್ಶನ' ಎಂದು ಬರೆಯಬೇಡಿ, ಅದಕ್ಕೆ ನೂರು ಅರ್ಥ ಹುಟ್ಟುತ್ತದೆ. 'ಲೀಗ್ ಹಂತ ಮುಗಿದಾಗ ಮೊದಲ ಆರರಲ್ಲಿ ಇಲ್ಲದಿದ್ದರೆ, 14 ದಿನದೊಳಗೆ ನೋಟಿಸ್ ಕೊಟ್ಟರೆ' ಎಂದು ಅಂಕಿ, ದಿನಾಂಕ ಸಮೇತ ಬರೆಯಿರಿ.

ಮೊತ್ತವನ್ನು ಮೊದಲೇ ಬರೆದಿಡುವುದಕ್ಕೆ ಕಾನೂನಿನ ಬೆಂಬಲವೂ ಉಂಟು. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಕರಾರು ಮುರಿದರೆ ಇಷ್ಟು ಎಂದು ಬರೆದಿದ್ದರೆ ನ್ಯಾಯಾಲಯ ಕೊಡಿಸುವ ಪರಿಹಾರ ಆ ಮೊತ್ತವನ್ನು ಮೀರುವುದಿಲ್ಲ. ಇಂಗ್ಲೆಂಡಿನಲ್ಲಿ ನ್ಯೂಕ್ಯಾಸಲ್ ಕೋಚ್ ಆಗಿದ್ದ ಕೆವಿನ್ ಕೀಗನ್ ಪ್ರಕರಣವೇ ಸಾಕ್ಷಿ. ತಮ್ಮ ಒಪ್ಪಿಗೆಯಿಲ್ಲದೆ ಆಟಗಾರನನ್ನು ತಂದರೆಂದು ಅವರು 2008ರಲ್ಲಿ ನ್ಯೂಕ್ಯಾಸಲ್ ಬಿಟ್ಟರು. ಮರುವರ್ಷ ನ್ಯಾಯಮಂಡಳಿ ತಪ್ಪು ಕ್ಲಬ್‌ನದೇ ಎಂದಿತು. ಆದರೆ ಅವರು ಕೇಳಿದ ದೊಡ್ಡ ಮೊತ್ತವನ್ನು ಬದಿಗಿಟ್ಟು, ಕರಾರಿನಲ್ಲಿದ್ದ 20 ಲಕ್ಷ ಪೌಂಡ್ ಮತ್ತು ಬಡ್ಡಿ ಕೊಡಿಸಿತು. ಷರತ್ತು ಕ್ಲಬ್‌ನ ಕೈ ಹಿಡಿಯಿತು. ಆಟಗಾರರ ಆಯ್ಕೆಯಲ್ಲಿ ಕೊನೆಯ ಮಾತು ಯಾರದೆಂದು ಒಂದು ಸಾಲು ಸ್ಪಷ್ಟವಾಗಿದ್ದಿದ್ದರೆ ಜಗಳವೇ ಬರುತ್ತಿರಲಿಲ್ಲವೇನೋ.

ಪರಿಹಾರವನ್ನು ಒಂದೇ ಗಂಟಾಗಿ ಕೊಡಬೇಕೋ ಕಂತಿನಲ್ಲೋ? ಕಂತು ಕ್ಲಬ್‌ಗೆ ಲಾಭ, ಕೋಚ್‌ಗೆ ಹೊಸ ಕೆಲಸ ಸಿಕ್ಕ ತಿಂಗಳಿಂದ ಅಲ್ಲಿಯ ಸಂಬಳದಷ್ಟು ಕಡಿತ ಮಾಡಬಹುದು. ಇದಕ್ಕೆ 'ಹೊಸ ಕೆಲಸ ಸಿಕ್ಕ ಏಳು ದಿನದೊಳಗೆ ಲಿಖಿತವಾಗಿ ತಿಳಿಸಬೇಕು' ಎಂಬ ಸಾಲು ಅಗತ್ಯ. ಆದರೆ ಸಂಬಳವೇ ತಡವಾಗುವ ಕ್ಲಬ್ ಕಂತಿನ ಗೋಜಿಗೆ ಹೋಗದಿರುವುದೇ ವಾಸಿ. ಫಿಫಾ ತೀರ್ಪಿನ ಹಣ ಕಟ್ಟದಿದ್ದರೆ ಹೊಸ ಆಟಗಾರರ ನೋಂದಣಿಯೇ ನಿಲ್ಲುತ್ತದೆ.

ಅತ್ಯಂತ ಅಪಾಯದ ಗಳಿಗೆ ಮೊದಲ ಸಹಿಯದ್ದಲ್ಲ, ಗೆದ್ದ ಖುಷಿಯಲ್ಲಿ ಮಾಡುವ ವಿಸ್ತರಣೆಯದ್ದು. ಮ್ಯಾಂಚೆಸ್ಟರ್ ಯುನೈಟೆಡ್ ಎಫ್‌ಎ ಕಪ್ ಗೆದ್ದ ಮೇಲೆ 2024ರ ಜುಲೈನಲ್ಲಿ ಕೋಚ್ ಎರಿಕ್ ಟೆನ್ ಹಾಗ್ ಕರಾರನ್ನು ಒಂದು ವರ್ಷ ಮುಂದುವರಿಸಿ ಅಕ್ಟೋಬರ್‌ನಲ್ಲಿ ತೆಗೆಯಿತು. ಅವರಿಗೂ ಸಿಬ್ಬಂದಿಗೂ ಹೋದದ್ದು 1.04 ಕೋಟಿ ಪೌಂಡ್. ವಿಸ್ತರಣೆ ಪತ್ರ ಬರೆಯುವಾಗ ಹಳೆಯ ಕರಾರಿನ ನಿರ್ಗಮನ ಷರತ್ತು ಹಾಗೇ ಮುಂದುವರಿಯುತ್ತದೆ, ಇಳಿಮುಖದ ಸೂತ್ರ ಮತ್ತೆ ಮೊದಲಿನಿಂದ ಶುರುವಾಗುವುದಿಲ್ಲ ಎಂದು ಸ್ಪಷ್ಟವಾಗಿ ನಮೂದಿಸಿ.

ಕರಾರು ನಡೆಯುತ್ತಿರುವಷ್ಟು ಕಾಲ ಉಳಿದ ಸಂಬಳ ಬ್ಯಾಲೆನ್ಸ್ ಶೀಟಿನಲ್ಲಿ ಸಾಲವಾಗಿ ಕಾಣುವುದಿಲ್ಲ, ತೆಗೆದ ದಿನ ಒಮ್ಮೆಲೇ ಬಂದು ಕೂರುತ್ತದೆ. ಆದ್ದರಿಂದ 1.44 ಕೋಟಿಯಲ್ಲಿ ಅರ್ಧವನ್ನು ಸಹಿಗೆ ಮುನ್ನವೇ ಠೇವಣಿ ಇಡಿ, ಉಳಿದ 72 ಲಕ್ಷವನ್ನು ತಿಂಗಳಿಗೆ 12 ಲಕ್ಷದಂತೆ ಆರು ತಿಂಗಳಲ್ಲಿ ತುಂಬಿ. ಅಷ್ಟು ಸಾಧ್ಯವಿಲ್ಲವೆಂದರೆ ಆ ಕೋಚ್ ನಿಮ್ಮ ಬಜೆಟ್‌ಗೆ ದುಬಾರಿ.

ದೀರ್ಘ ಕರಾರಿಗೆ ಇನ್ನೊಂದು ಮುಖವೂ ಇದೆ. ಕೋಚ್ ರೂಬೆನ್ ಅಮೋರಿಮ್ ಅವರನ್ನು ಕರೆದೊಯ್ಯಲು ಮ್ಯಾಂಚೆಸ್ಟರ್ ಯುನೈಟೆಡ್, ಅವರಿದ್ದ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ಗೆ 1.1 ಕೋಟಿ ಯೂರೋ ಕೊಟ್ಟಿತು: ಬಿಡುಗಡೆಗೆ ಒಂದು ಕೋಟಿ, ನೋಟಿಸ್ ಅವಧಿ ಬಿಟ್ಟುಕೊಟ್ಟದ್ದಕ್ಕೆ ಹತ್ತು ಲಕ್ಷ. ಕೋಚ್ ತಾನಾಗಿ ಬಿಟ್ಟು ಹೋದರೆ ಕ್ಲಬ್‌ಗೆ ಎಷ್ಟು ಬರಬೇಕೆಂಬ ಕಾಲಂ ನಿಮ್ಮ ಹಾಳೆಯಲ್ಲೂ ಇರಲಿ.