ಗಿನಿಪಿಗ್ ಮೈ ಕೆರೆದುಕೊಳ್ಳುತ್ತಿದೆಯಾ? ಎಣ್ಣೆ ಹಚ್ಚುವ ಮೊದಲು ತೂಕ ಮಾಡಿ

ಶಿರಸಿಯ ಜುಲೈ ಮಳೆ ಗೊತ್ತಲ್ಲ, ಹಗಲಿಗೂ ಸಂಜೆಗೂ ವ್ಯತ್ಯಾಸ ಕಾಣುವುದಿಲ್ಲ. ಅಂಥ ಒಂದು ದಿನ ನಮ್ಮ ಮನೆಯ ಗಿನಿಪಿಗ್ 'ಗೇರು', ಮಗಳ ತೊಡೆಯ ಮೇಲೆ ಕೂತಲ್ಲೇ ಸೆಟೆದುಕೊಂಡಿತು. ಹಿಂಗಾಲು ಪಟಪಟ ಬಡಿಯಿತು, ಕತ್ತು ಹಿಂದಕ್ಕೆ ವಾಲಿತು. "ಮೂರ್ಛೆ ಬಂತಲ್ಲೇ!" ಎಂದು ಅತ್ತೆ ಕಬ್ಬಿಣದ ಬೀಗದಕೈ ತರಲು ಓಡಿದರು. ಮೂರ್ಛೆ ರೋಗ ಅಲ್ಲ, ತುರಿಕೆ. ತುರಿಕೆ ವಿಪರೀತವಾದರೆ ಈ ಪ್ರಾಣಿಗಳಿಗೆ ಹಾಗೆ ಫಿಟ್ಸ್ ಬರುತ್ತದೆ. ಬೆನ್ನಿನ ಕೂದಲು ಬಿಡಿಸಿ ನೋಡಿದೆ. ಚರ್ಮ ದಪ್ಪಗಾಗಿ ಹಳದಿ ಹೊಟ್ಟು ಕಟ್ಟಿತ್ತು. ಸುಮ್ನೆ ಬೆರಳು ತಾಗಿಸಿದ್ದಕ್ಕೇ ಒಂದು ಚಿಟಿಕೆ ಕೂದಲು ಹೊಟ್ಟಿನ ಸಮೇತ ಕೈಗೆ ಬಂತು.

ಅದು ಹದಿನೈದು ದಿನದಿಂದ ಕೆರೆದುಕೊಳ್ಳುತ್ತಿತ್ತು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚುತ್ತಾ ನಾನು ದಿನ ಕಳೆದಿದ್ದೆ. ಎಣ್ಣೆ ಹಚ್ಚಿದರೆ ಹೊಟ್ಟು ಮೆತ್ತಗಾಗಿ, ಮೇಲ್ನೋಟಕ್ಕೆ ವಾಸಿಯಾದ ಹಾಗೆ ಕಾಣುತ್ತದೆ. ಒಳಗಿನ ಹುಳ ಒಳಗೇ ಇರುತ್ತದೆ. ಅದು ಪಟ್ಟ ಪಾಡು ನೆನಪಾದರೆ ಈಗಲೂ ಸಂಕಟವಾಗುತ್ತದೆ. ನಿಮ್ಮ ಮನೆಯಲ್ಲಿ ಹಾಗಾಗುವುದು ಬೇಡ.

ಹೇನೋ ನುಸಿಯೋ ನೋಡಿ

ಟವೆಲ್ ಹಾಸಿ, ಕಿಟಕಿಯ ಬೆಳಕಿಗೆ ಕೂರಿಸಿಕೊಂಡು, ಕೂದಲನ್ನು ಹಿಮ್ಮುಖವಾಗಿ ಸವರಿ. ಹೇನಾದರೆ ಕಣ್ಣಿಗೇ ಕಾಣುತ್ತದೆ. ಕಿವಿಯ ಹಿಂದೆ, ಕತ್ತಿನ ಹತ್ತಿರ ತೆಳ್ಳಗಿನ ಹುಳ ಓಡಾಡುತ್ತಿರುತ್ತದೆ, ಕೂದಲಿಗೆ ಸೀರು ಅಂಟಿರುತ್ತದೆ. ಗಿನಿಪಿಗ್‌ನ ಹೇನು ಮನುಷ್ಯರ ತಲೆಗೆ ಹತ್ತುವುದಿಲ್ಲ, ಮಕ್ಕಳನ್ನು ಗದರಬೇಡಿ.

ನುಸಿ ಬೇರೆ. ತೆಂಗಿನಕಾಯಿಗೆ ಬರುವ ನುಸಿ ನಮಗೆಲ್ಲ ಗೊತ್ತು, ಅಲ್ವಾ? ಅದರ ದೂರದ ನೆಂಟ ಇದು. ಹೆಸರು ಟ್ರಿಕ್ಸಕಾರಸ್. ಬರಿಗಣ್ಣಿಗೆ ಕಾಣುವುದಿಲ್ಲ. ಚರ್ಮದೊಳಗೆ ಸುರಂಗ ಕೊರೆದು ಅಲ್ಲೇ ಮೊಟ್ಟೆ ಇಡುತ್ತದೆ. ಭುಜ, ಬೆನ್ನು, ತೊಡೆಯ ಕೂದಲು ಉದುರಿ, ಹೊಟ್ಟೆದ್ದು, ಪ್ರಾಣಿ ರಾತ್ರಿ ಹಗಲು ಕೆರೆಯುತ್ತಿದ್ದರೆ ಇದೇ ಇರಬಹುದು. ಎತ್ತಿಕೊಂಡವರ ಮೈಗೂ ತುರಿಕೆ ತರುತ್ತದೆ. ಮಗಳ ಮೊಣಕೈ ಕೆಳಗೆ ಕೆಂಪು ಗುಳ್ಳೆಗಳು ಎದ್ದಿದ್ದವು. ಈ ನುಸಿ ನಮ್ಮ ಮೈಮೇಲೆ ವಂಶ ಬೆಳೆಸುವುದಿಲ್ಲ. ಗೇರು ವಾಸಿಯಾದ ಮೇಲೆ ಅವಳ ಗುಳ್ಳೆಗಳೂ ಇಳಿದವು. ಇನ್ನೊಂದು, ಮೂಗು ಮತ್ತು ಕಣ್ಣಿನ ಸುತ್ತ ದುಂಡಗೆ ಕೂದಲು ಹೋಗಿದ್ದರೆ ಅದು ಹುಳುಕಡ್ಡಿ ಇರಬಹುದು. ಅದು ಬೂಷ್ಟಿನ ಜಾತಿ, ಔಷಧಿಯೇ ಬೇರೆ.

ತೂಕ, ಡಾಕ್ಟರು, ಅರ್ಧ ಹನಿ

ಅಡುಗೆಮನೆಯ ತಕ್ಕಡಿಯ ಮೇಲೆ ಡಬ್ಬಿ ಇಟ್ಟು, ಅದರೊಳಗೆ ಕೂರಿಸಿ ತೂಕ ಬರೆದುಕೊಳ್ಳಿ. ಗೇರು 650 ಗ್ರಾಂ ಇತ್ತು. ಪಶುವೈದ್ಯರಿಗೆ ಮೊದಲು ಬೇಕಾದದ್ದು ಈ ಅಂಕಿ. ಅವರು ಚರ್ಮವನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೆಲವು ಸಲ ನುಸಿ ಇದ್ದರೂ ಸಿಗುವುದಿಲ್ಲ. ಆಗ ಲಕ್ಷಣ ನೋಡಿಯೇ ಔಷಧಿ ಕೊಡುತ್ತಾರೆ.

ಸಾಮಾನ್ಯವಾಗಿ ಕೊಡುವುದು ಐವರ್ಮೆಕ್ಟಿನ್ ಇಂಜೆಕ್ಷನ್. ನಮ್ಮ ಕಡೆಯವರು ಇಲ್ಲೇ ಎಚ್ಚರವಾಗಿರಬೇಕು. ಹಸು ಕಟ್ಟಿದ ಎಷ್ಟೋ ಮನೆಗಳಲ್ಲಿ ಉಣ್ಣಿಗೆಂದು ತಂದ ಐವರ್ಮೆಕ್ಟಿನ್ ಬಾಟಲಿ ಇರುತ್ತದೆ. 'ಔಷಧಿ ಅದೇ ತಾನೇ' ಎಂದು ಅಂದಾಜಿಗೆ ಚುಚ್ಚಬೇಡಿ. ಆ ಬಾಟಲಿಯ ಒಂದು ಮಿಲಿ 50 ಕೆಜಿ ದನದ ಲೆಕ್ಕದ್ದು. ಗಿನಿಪಿಗ್‌ಗೆ ಕೆಜಿಗೆ 0.4 ಮಿಲಿಗ್ರಾಂ ಎಂದು ಹಿಡಿದರೂ ನಮ್ಮ ಗೇರುವಿಗೆ ಬೇಕಾದದ್ದು 0.026 ಮಿಲಿ, ಅಂದರೆ ಸುಮಾರು ಅರ್ಧ ಹನಿ. ಸಿರಿಂಜಿನಲ್ಲಿ ಅಷ್ಟನ್ನು ಅಳೆಯಲು ನಮ್ಮ ಕೈಗೆ ಆಗುವುದಿಲ್ಲ. ಡಾಕ್ಟರು ಅದನ್ನು ತೆಳುಮಾಡಿ ಕೊಡುತ್ತಾರೆ. ಕತ್ತಿನ ಹಿಂದೆ ಹನಿಸುವ ಸೆಲಾಮೆಕ್ಟಿನ್ ಕೂಡ ಇದೆ, ಅದೂ ತೂಕ ನೋಡಿಯೇ. ನಾಯಿಯ ಉಣ್ಣಿಗೆ ಹೊಡೆಯುವ ಸ್ಪ್ರೇ, ಪೌಡರ್ ಮಾತ್ರ ಖಂಡಿತ ಬೇಡ.

ಔಷಧಿ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಹಾಗಾಗಿ 7ರಿಂದ 14 ದಿನ ಬಿಟ್ಟು ಎರಡನೆಯದು, ಮತ್ತೆ ಮೂರನೆಯದು ಕೊಡಿಸಬೇಕಾಗುತ್ತದೆ. ಮೊದಲ ಡೋಸಿಗೇ ತುರಿಕೆ ಇಳಿದರೆ ಮುಂದಿನದನ್ನು ಬಿಟ್ಟುಬಿಡೋಣ ಎನಿಸುತ್ತದೆ. ಬಿಡಬೇಡಿ, ಮೊಟ್ಟೆ ಒಡೆದು ಮತ್ತೆ ಶುರುವಾಗುತ್ತದೆ. ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಜೊತೆಗಿರುವ ಗಿನಿಪಿಗ್‌ಗಳು ಕೆರೆದುಕೊಳ್ಳದಿದ್ದರೂ ಅವಕ್ಕೂ ಅದೇ ದಿನ ಔಷಧಿ ಆಗಬೇಕು. ಹೆಣ್ಣು ಬಸಿರಿದ್ದರೆ ಮೊದಲೇ ಹೇಳಿ.

ಕೆರೆದು ಗಾಯವಾಗಿದ್ದರೆ ಆಂಟಿಬಯೋಟಿಕ್ ಬೇಕಾಗಬಹುದು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಕೊಡಬೇಡಿ. ಪೆನಿಸಿಲಿನ್ ಜಾತಿಯ ಔಷಧಿ ಬಾಯಿಗೆ ಹೋದರೆ ಗಿನಿಪಿಗ್‌ನ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಪ್ರಾಣವೇ ಹೋಗಬಹುದು.

ಫಿಟ್ಸ್ ಬಂದಾಗ ಒತ್ತಿ ಹಿಡಿಯಬೇಡಿ, ಬಾಯಿಗೆ ನೀರು ಬಿಡಬೇಡಿ. ಟವೆಲ್ ಮೇಲೆ ಮಲಗಿಸಿ, ದೀಪ ಆರಿಸಿ, ಸದ್ದು ಕಡಿಮೆ ಮಾಡಿ. ನಿಂತ ಕೂಡಲೇ ಡಾಕ್ಟರ ಹತ್ತಿರ ಒಯ್ಯಿರಿ. ಸ್ನಾನ ಮಾಡಿಸುವ ಯೋಚನೆಯೂ ಬೇಡ. ಮುಟ್ಟಿದರೇ ಸೆಟೆದುಕೊಳ್ಳುವ ಪ್ರಾಣಿ ಅದು, ಮೇಲೆ ಈ ಥಂಡಿ ಬೇರೆ.

ಗೂಡು, ಹುಲ್ಲು, ಊಟ

ಇಂಜೆಕ್ಷನ್ ಕೊಡಿಸಿದ ದಿನವೇ ಹಾಸಿಗೆ ಹುಲ್ಲನ್ನೆಲ್ಲ ತೆಗೆದು ಸುಟ್ಟುಬಿಡಿ. ಗೂಡನ್ನು ಕುದಿಯುವ ನೀರಿನಿಂದ ಉಜ್ಜಿ, ಮರದ ಗೂಡಾದರೆ ಸಂದುಗೊಂದುಗಳನ್ನು ಬ್ರಷ್ಷಿನಿಂದ ತಿಕ್ಕಿ. ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರೋಣ? ನಾವು ಬಚ್ಚಲ ಒಲೆಯ ಪಕ್ಕ ಒಣಗಿಸಿದೆವು. ಡೋಸುಗಳು ಮುಗಿಯುವ ತನಕ ವಾರಕ್ಕೊಮ್ಮೆ ಇದೇ ಕೆಲಸ. ಹೊಸ ಭತ್ತದ ಹುಲ್ಲು ಅಥವಾ ಕರಡ ಹಾಕುವಾಗ ಬೂಷ್ಟು ವಾಸನೆ ಇದೆಯಾ ನೋಡಿ. ಫ್ರೀಜರಿನಲ್ಲಿ ಜಾಗ ಇದ್ದರೆ, ಚೀಲ ಕಟ್ಟಿ ಎರಡು ದಿನ ಇಟ್ಟು ತೆಗೆದದ್ದು ಒಳ್ಳೆಯದು.

ಗಿನಿಪಿಗ್‌ನ ಮೈ ನಮ್ಮ ಮೈಯ ಹಾಗೆಯೇ, ವಿಟಮಿನ್ ಸಿ ತಾನೇ ಮಾಡಿಕೊಳ್ಳುವುದಿಲ್ಲ. ಅದು ಕಡಿಮೆಯಾದರೆ ಚರ್ಮ ಬೇಗ ಸೋಲುತ್ತದೆ. ಕೆಜಿ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಕೊತ್ತಂಬರಿ ಸೊಪ್ಪು, ದೊಣ್ಣೆ ಮೆಣಸಿನ ಒಂದು ಹೋಳು, ಹಿತ್ತಲ ಪೇರಲೆಯ ಸಣ್ಣ ತುಂಡು ಕೊಡಿ. ಇಡೀ ದಿನ ಏನೂ ತಿನ್ನದಿದ್ದರೆ ಮಾತ್ರ ಕಾಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಹೊಸದೊಂದು ಗಿನಿಪಿಗ್ ತಂದರೆ ಮೂರು ವಾರ ಬೇರೆ ಕೋಣೆಯಲ್ಲಿಡಿ. ನಮ್ಮ ಗೇರುವಿಗೆ ನುಸಿ ಹತ್ತಿದ್ದು ಜೊತೆಗಾರನನ್ನು ತಂದು ಅದೇ ದಿನ ಒಂದೇ ಗೂಡಿಗೆ ಬಿಟ್ಟಾಗ.

ಮೂರನೆಯ ಇಂಜೆಕ್ಷನ್ ಹೊತ್ತಿಗೆ ಗೇರು 710 ಗ್ರಾಂ ಆಗಿತ್ತು. ಬೆನ್ನಿನಲ್ಲಿ ಗರಿಕೆ ಚಿಗುರಿದ ಹಾಗೆ ಗಿಡ್ಡ ಕೂದಲು ಬರುತ್ತಿತ್ತು. ಕಿವಿಯ ಹಿಂದೆ ಮಾತ್ರ ಬೋಳಾಗಿಯೇ ಉಳಿಯಿತು ಎಂದು ಮಗಳಿಗೆ ಚಿಂತೆ. ಡಾಕ್ಟರು ಜೊತೆಗಾರನ ಕಿವಿ ಮಡಚಿ ಅವಳಿಗೆ ತೋರಿಸಿದರು. ಅಲ್ಲೂ ಬೋಳು. ಆ ಜಾಗದಲ್ಲಿ ಯಾವ ಗಿನಿಪಿಗ್‌ಗೂ ಕೂದಲು ಇರುವುದಿಲ್ಲವಂತೆ.