ಆಸ್ಪತ್ರೆ ಖರ್ಚಿಗೆ ವಂತಿಗೆ ಎತ್ತುವ ಮುನ್ನ

ಪಾಲಿಕೆ ಆಸ್ಪತ್ರೆಯಲ್ಲಿ ಸರದಿ ಮುಗಿಯುವುದಿಲ್ಲ, ಖಾಸಗಿಯಲ್ಲಿ ಮುಂಗಡ ಕಟ್ಟದೆ ಆಗುವುದಿಲ್ಲ. ಆಗ ಮುಂಬಯಿಯ ನಮ್ಮವರು ಬರುವುದು ಸಂಘದ ಬಾಗಿಲಿಗೆ. ಘಾಟ್ಕೋಪರಿನ ಒಂದು ಕನ್ನಡ ಸಂಘದ ಖಜಾಂಚಿಯಾಗಿ ನನ್ನ ಮೊದಲ ಮಾತು: ರಸೀದಿ ಪುಸ್ತಕ ತೆರೆಯುವ ಮೊದಲು, ಕಾನೂನು ಕೊಡಿಸುವುದನ್ನು ಪಟ್ಟುಹಿಡಿದು ಪಡೆಯಿರಿ.

ಮಹಾರಾಷ್ಟ್ರ ಸರಕಾರದ ಉಚಿತ ಚಿಕಿತ್ಸೆಯ ಯೋಜನೆಯಾದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ, ರೋಗಿಗಳಿಗೆ ದಾರಿ ತೋರಿಸುವ ‘ಆರೋಗ್ಯಮಿತ್ರ’ರ ಮೇಜು ಇರುತ್ತದೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಅಲ್ಲಿಗೆ ಹೋಗಿ. ಅಲ್ಲಿ ಆಗದಿದ್ದರೆ ಧರ್ಮಾರ್ಥ ಟ್ರಸ್ಟ್ ನಡೆಸುವ ಆಸ್ಪತ್ರೆಗೆ ಹೋಗಿ. ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಎಎ ಕಲಮಿನ ಪ್ರಕಾರ ಇಂಥ ದೊಡ್ಡ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನು ಶೇ. 10ನ್ನು ಬಡವರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕು. ತಹಶೀಲ್ದಾರರ ಆದಾಯ ಪ್ರಮಾಣಪತ್ರದೊಂದಿಗೆ ಸಮಾಜಸೇವಾ ವಿಭಾಗಕ್ಕೆ ಅರ್ಜಿ ಕೊಡಿ. ‘ಹಾಸಿಗೆ ಖಾಲಿಯಿಲ್ಲ’ ಎಂದರೆ ಅದನ್ನೇ ಬರೆದುಕೊಡಲು ಹೇಳಿ. ಟ್ರಸ್ಟುಗಳ ಮೇಲ್ವಿಚಾರಣೆ ನಡೆಸುವ ಚಾರಿಟಿ ಕಮಿಷನರ್ ಕಚೇರಿಗೆ ದೂರು ಒಯ್ಯುವಾಗ ಆ ಚೀಟಿ ಬೇಕಾಗುತ್ತದೆ.

ಇಷ್ಟಾದ ಮೇಲೂ ಬಿಲ್ ಉಳಿದರೆ ವಂತಿಗೆ ಎತ್ತಿ. ಟ್ರಸ್ಟಾಗಿ ನೋಂದಣಿಯಾಗದ ಗುಂಪು ಧರ್ಮಕಾರ್ಯಕ್ಕೆಂದು ಜನರಿಂದ ಹಣ ಸಂಗ್ರಹಿಸಲು ಅದೇ ಕಾಯ್ದೆಯ 41ಸಿ ಕಲಮಿನಡಿ ಚಾರಿಟಿ ಕಮಿಷನರ್ ಕಚೇರಿಯ ಅನುಮತಿ ಬೇಕು. ಗಣೇಶೋತ್ಸವ ಮಂಡಳಿಗಳು ಪಡೆಯುವುದು ಇದನ್ನೇ. ದುಬೈಯಲ್ಲಿರುವ ಭಾರತೀಯ ಪಾಸ್‌ಪೋರ್ಟಿನವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ತೊಡಕಿಲ್ಲ. ವಿದೇಶಿ ಪೌರತ್ವ ಪಡೆದವರ ದೇಣಿಗೆಯನ್ನು, ಅವರು ಸ್ವಂತ ಅಣ್ಣನೇ ಆಗಿರಲಿ, 2010ರ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿಯಿಲ್ಲದೆ ಸಂಘ ಮುಟ್ಟಬಾರದು.

ಹಣ ಯಾರೊಬ್ಬರ ಮೊಬೈಲ್ ಖಾತೆಗೂ ಬರಕೂಡದು. ಇಬ್ಬರ ಸಹಿ ಬೇಕಾಗುವ ಸಂಘದ ಖಾತೆ ಇರಲಿ, ಚೆಕ್ಕನ್ನು ಆಸ್ಪತ್ರೆಯ ಹೆಸರಿಗೇ ಬರೆಯಿರಿ. ಐವತ್ತು ರೂಪಾಯಿ ಕೊಟ್ಟ ಹೋಟೆಲ್ ಹುಡುಗನಿಗೂ ರಸೀದಿ ಕೊಡಿ: ಅಚ್ಚಾದ ಕ್ರಮಸಂಖ್ಯೆ, ಅಡಿಯಲ್ಲಿ ಕಾರ್ಬನ್ ಹಾಳೆ, ಮೊತ್ತ ಅಕ್ಷರದಲ್ಲೂ. ತಪ್ಪಿ ಬರೆದ ರಸೀದಿಯನ್ನು ಹರಿಯದೆ, ಅಡ್ಡಗೆರೆ ಎಳೆದು ಎರಡೂ ಪ್ರತಿಗಳನ್ನು ಪುಸ್ತಕದಲ್ಲೇ ಉಳಿಸಿ.

ಸಂಘಗಳು ಒಡೆಯುವುದು ಹೆಚ್ಚಾಗಿ ಮಿಕ್ಕ ಹಣದ ಮೇಲೆ. ರೋಗಿ ತೀರಿಕೊಂಡರೆ ಉಳಿದದ್ದು ಮನೆಯವರಿಗೋ, ಮುಂದಿನ ರೋಗಿಗೋ? ಸಾವಿನ ಮನೆಯಲ್ಲಿ ಕೂತು ಈ ಮಾತು ಆಡುವಂತಾಗಬಾರದು. ಮನವಿಪತ್ರದಲ್ಲೇ ಅದನ್ನು ಬರೆದು, ಮನೆಯವರಿಗೆ ಓದಿಹೇಳಿ, ಸಹಿ ಪಡೆದ ಮೇಲಷ್ಟೇ ಹಂಚಿ. ರೋಗಿಯ ಫೋಟೋ ಬೇಡ. ನಾಳೆ ಗುಣವಾಗಿ ಅದೇ ಓಣಿಯಲ್ಲಿ ತಲೆಯೆತ್ತಿ ನಡೆಯಬೇಕಾದವರು ಅವರು. ಆಸ್ಪತ್ರೆಯ ಅಂದಾಜು ಪತ್ರದ ಪ್ರತಿಯೇ ಸಾಕು.